ತಪ್ಪು ಎಣಿಸಿದವರು

ಆಕ್ಸ್‌ಫರ್ಡಿನ ಜಾನ್ ಮಿಲ್ ಮೂವತ್ತು ವರ್ಷ ಒಂದೇ ಕೆಲಸಕ್ಕೆ ಕೂತ. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಸಿಕ್ಕ ಸುಮಾರು ನೂರನ್ನು ಒಂದರ ಪಕ್ಕ ಒಂದಿಟ್ಟು ಓದುವುದು, ಎಲ್ಲಿ ಒಂದು ಪ್ರತಿ ಇನ್ನೊಂದಕ್ಕೆ ಹೊಂದುವುದಿಲ್ಲವೋ ಅಲ್ಲಿ ಗುರುತು ಹಾಕುವುದು. ಹಳೆಯ ಅನುವಾದಗಳನ್ನೂ ಅವನು ಬಿಡಲಿಲ್ಲ, ಸಭಾಪಿತೃಗಳು ತಮ್ಮ ಬರಹಗಳಲ್ಲಿ ಎತ್ತಿಕೊಂಡ ವಾಕ್ಯಗಳನ್ನೂ ಬಿಡಲಿಲ್ಲ. 1707ರಲ್ಲಿ ಪುಸ್ತಕ ಅಚ್ಚಾಗಿ ಬಂತು. ಎರಡು ವಾರ ಕಳೆಯುವಷ್ಟರಲ್ಲಿ ಮಿಲ್ ತೀರಿಕೊಂಡ. ಒಂದು ಲೆಕ್ಕದಲ್ಲಿ ಪುಣ್ಯವಂತ. ಮುಂದಿನ ಗಲಾಟೆಯನ್ನು ನೋಡಬೇಕಾಗಿ ಬರಲಿಲ್ಲ. ಅವನು ಕೊಟ್ಟ ಪಾಠಾಂತರಗಳನ್ನು ಜನ ಎಣಿಸಿದರು. ಸುಮಾರು ಮೂವತ್ತು ಸಾವಿರ.

ಪ್ರಾಟೆಸ್ಟಂಟರಿಗೆ ಇದು ಸಣ್ಣ ಸುದ್ದಿಯಾಗಿರಲಿಲ್ಲ. ಪೋಪನ ಅಧಿಕಾರ ಬೇಡವೆಂದು ಹೊರಗೆ ಬಂದವರು ಅವರು. ಹಾಗೆ ಬರುವಾಗ ಕೈಯಲ್ಲಿ ಹಿಡಿದುಕೊಂಡದ್ದು ಒಂದೇ ಒಂದು ಪುಸ್ತಕ. ಈಗ ಅವರದೇ ಪೈಕಿ ಒಬ್ಬ ಪಾದ್ರಿ, ಆ ಪುಸ್ತಕದ ಮೂವತ್ತು ಸಾವಿರ ಕಡೆ ಪ್ರತಿಗಳು ಪರಸ್ಪರ ಒಪ್ಪುವುದಿಲ್ಲ ಎಂದು ತೋರಿಸಿಕೊಟ್ಟಿದ್ದ. ಡೇನಿಯಲ್ ವಿಟ್‌ಬಿ ಎಂಬ ಇನ್ನೊಬ್ಬ ಪಾದ್ರಿ ಗಾಬರಿಬಿದ್ದು, ಇದು ಧರ್ಮದ ಬುಡಕ್ಕೆ ಕೊಡಲಿ ಎಂಬರ್ಥದಲ್ಲಿ ಮಿಲ್‌ನ ವಿರುದ್ಧ ಬರೆದ. 1713ರಲ್ಲಿ ಆಂಥನಿ ಕಾಲಿನ್ಸ್ ಎಂಬ ಸ್ವತಂತ್ರ ವಿಚಾರವಾದಿ ವಿಟ್‌ಬಿಯ ಗಾಬರಿಯನ್ನೇ ಎತ್ತಿಕೊಂಡು ವಾದ ಹೂಡಿದ: ನಿಮ್ಮವರೇ ಹೇಳುತ್ತಿದ್ದಾರಲ್ಲ, ಪಠ್ಯವೇ ಖಚಿತವಿಲ್ಲ, ಇನ್ನು ಅದನ್ನು ನಂಬುವುದು ಹೇಗೆ? ಆಸ್ತಿಕನ ಭಯವೇ ಸಂಶಯವಾದಿಯ ಆಯುಧವಾದದ್ದು ಹೀಗೆ. ಮುನ್ನೂರು ವರ್ಷವಾದರೂ ಈ ಜೋಡಿ ಬೇರೆಯಾಗಿಲ್ಲ. ಬೈಬಲನ್ನು ನಕಲು ಮಾಡಿ ಮಾಡಿ ಕೆಡಿಸಿದ್ದಾರೆ ಎಂಬ ಫಾರ್ವರ್ಡ್ ಸಂದೇಶ ಬೆಳಿಗ್ಗೆ ಫೋನಿಗೆ ಬಂದರೆ, ಒಂದು ಅಕ್ಷರವೂ ಬದಲಾಗಿಲ್ಲ ಎಂಬ ಸಂದೇಶ ಸಂಜೆಗೆ ಬರುತ್ತದೆ. ಎರಡೂ ಸುಳ್ಳು. ಎರಡನೆಯದನ್ನು ಭಕ್ತಿಯಿಂದ ಕಳಿಸಿರುತ್ತಾರೆ ಎನ್ನುವುದೊಂದೇ ವ್ಯತ್ಯಾಸ.

ಕಾಲಿನ್ಸ್‌ಗೆ ಅದೇ ವರ್ಷ ಉತ್ತರ ಕೊಟ್ಟವನು ಕೇಂಬ್ರಿಜ್‌ನ ರಿಚರ್ಡ್ ಬೆಂಟ್ಲಿ. ಸ್ವಭಾವದಲ್ಲಿ ಜಗಳಗಂಟ, ಗ್ರೀಕ್ ಲ್ಯಾಟಿನ್ ಪಠ್ಯಗಳ ವಿಷಯದಲ್ಲಿ ಆ ಕಾಲಕ್ಕೆ ಅವನಿಗೆ ಸಾಟಿಯಿಲ್ಲ. ಅವನ ಉತ್ತರ ಎಷ್ಟು ಸರಳವೆಂದರೆ ಮೊದಲ ಓದಿಗೆ ಮೋಸದಂತೆ ಕಾಣುತ್ತದೆ. ಈ ಪಾಠಾಂತರಗಳನ್ನು ಮಿಲ್ ಹುಟ್ಟಿಸಲಿಲ್ಲ, ಅವು ಮೊದಲಿನಿಂದಲೂ ಇದ್ದವು, ಅವನು ತೋರಿಸಿದ ಅಷ್ಟೆ. ಪ್ರತಿಗಳು ಹೆಚ್ಚಿದಂತೆ ಪಾಠಾಂತರಗಳು ಹೆಚ್ಚುತ್ತವೆ. ಆದರೆ ಪ್ರತಿಗಳು ಹೆಚ್ಚಿದಂತೆ ಮೂಲವನ್ನು ಹುಡುಕುವ ದಾರಿಗಳೂ ಹೆಚ್ಚುತ್ತವೆ. ಒಂದೇ ಪ್ರತಿ ಉಳಿದಿರುವ ರೋಮನ್ ಇತಿಹಾಸಕಾರನ ಪುಸ್ತಕದಲ್ಲಿ ಪಾಠಾಂತರವೇ ಇಲ್ಲ, ಆದರೆ ಅದರಲ್ಲಿರುವ ತಪ್ಪುಗಳು ಶಾಶ್ವತ. ಕೇಳಲು ಎರಡನೆಯ ಸಾಕ್ಷಿಯೇ ಇಲ್ಲವಲ್ಲ.

ಹಳಗನ್ನಡದ ಸಂಪಾದಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಿ.ಎಲ್. ನರಸಿಂಹಾಚಾರ್ ಅವರು ‘ಕನ್ನಡ ಗ್ರಂಥಸಂಪಾದನೆ’ ಎಂದು ಒಂದು ಪುಸ್ತಕವನ್ನೇ ಬರೆದರು. ಒಂದೇ ಓಲೆಪ್ರತಿ ಸಿಕ್ಕಿರುವ ಕೃತಿಯಲ್ಲಿ ಗರಿ ಮುರಿದ ಜಾಗದಲ್ಲಿ ಸಂಪಾದಕ ಊಹೆ ಮಾಡುತ್ತಾ ಕೂರಬೇಕು. ಹತ್ತು ಪ್ರತಿಗಳು ಹತ್ತು ಊರುಗಳಿಂದ ಬಂದರೆ ಕೆಲಸ ಹತ್ತು ಪಟ್ಟು, ಜಗಳ ಇಪ್ಪತ್ತು ಪಟ್ಟು, ಆದರೆ ಕೊನೆಗೆ ಬರುವ ಪಠ್ಯದ ಮೇಲೆ ಕಾಲೂರಿ ನಿಲ್ಲಬಹುದು. ಸಂಶಯವಾದಿಗಳು ಮಕ್ಕಳ ಒಂದು ಆಟದ ಹೋಲಿಕೆಯನ್ನು ಕೊಡುತ್ತಿರುತ್ತಾರೆ: ಸಾಲಾಗಿ ಕೂತು ಕಿವಿಯಿಂದ ಕಿವಿಗೆ ಒಂದು ಮಾತು ದಾಟಿಸುವುದು, ಕೊನೆಯವನ ಬಾಯಲ್ಲಿ ಅದು ಏನೇನೋ ಆಗಿ ಹೊರಬರುವುದು. ಹೋಲಿಕೆ ಚೆನ್ನಾಗಿದೆ, ಆದರೆ ಇಲ್ಲಿಗೆ ಕೂರುವುದಿಲ್ಲ. ಹಸ್ತಪ್ರತಿಗಳು ಒಂದೇ ಸಾಲಿನಲ್ಲಿ ಬರಲಿಲ್ಲ, ಆಲದ ಮರದ ಹಾಗೆ ಕೊಂಬೆಯೊಡೆದವು. ಈಜಿಪ್ಟಿನ ಲಿಪಿಕಾರ ಮಾಡಿದ ತಪ್ಪು ಸಿರಿಯಾದ ಪ್ರತಿಗೆ ಗೊತ್ತಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟರೆ ತಪ್ಪು ತಾನಾಗಿ ಎದ್ದು ಕಾಣುತ್ತದೆ.

ಇಷ್ಟಾದರೂ ಬೆಂಟ್ಲಿಗೆ ಇದು ಗೆಲ್ಲಬೇಕಾದ ವಾದವಾಗಿತ್ತು. ಇದೇ ವಿಷಯಕ್ಕೆ ನಿದ್ದೆಗೆಟ್ಟವನು ಬೇರೆ. ಜರ್ಮನಿಯ ವ್ಯುರ್ಟೆಂಬೆರ್ಗ್ ಪ್ರಾಂತದ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ 1703ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಸೇರಿದ. ಪಯಟಿಸ್ಟ್ ಎಂದು ಕರೆಸಿಕೊಳ್ಳುವ, ಮನೆಮನೆಯಲ್ಲಿ ಬೈಬಲ್ ಓದಿ ಪ್ರಾರ್ಥಿಸುವ ಪಂಥದ ಹುಡುಗ. ಪ್ರತಿಗಳು ಹೊಂದುವುದಿಲ್ಲ ಎಂಬ ಸಂಗತಿ ಅವನಿಗೆ ವಾದದ ವಿಷಯವಾಗಿರಲಿಲ್ಲ. ಬೆಳಿಗ್ಗೆ ಎದ್ದು ಯಾವ ಮಾತನ್ನು ದೇವರ ಮಾತೆಂದು ಓದಬೇಕು ಎಂಬ ಪ್ರಶ್ನೆಯಾಗಿತ್ತು. ಅವನ ಮುಂದೆ ಎರಡು ಸುಲಭದ ದಾರಿಗಳಿದ್ದವು: ಪುಸ್ತಕ ಮುಚ್ಚಿಡುವುದು, ಇಲ್ಲವೇ ಮಿಲ್‌ನ ಪುಸ್ತಕವನ್ನು ಮುಚ್ಚಿಡುವುದು. ಅವನು ಎರಡನ್ನೂ ಬಿಟ್ಟು, ಡೆಂಕೆಂಡಾರ್ಫ್ ಎಂಬಲ್ಲಿಯ ಮಠದ ಶಾಲೆಯಲ್ಲಿ ಹುಡುಗರಿಗೆ ಗ್ರೀಕ್ ಕಲಿಸುತ್ತ, ಬಿಡುವಿನಲ್ಲಿ ಹಸ್ತಪ್ರತಿಗಳ ವಿವರ ತರಿಸಿಕೊಂಡು ತಾನೇ ಎಣಿಸಲು ಕೂತ.

ಅವನ ಗ್ರೀಕ್ ಹೊಸ ಒಡಂಬಡಿಕೆ ಬಂದದ್ದು 1734ರಲ್ಲಿ. ಅಷ್ಟು ಹೊತ್ತಿಗೆ ಅವನು ಎರಡು ಸಂಗತಿಗಳನ್ನು ಕಂಡುಕೊಂಡಿದ್ದ. ಒಂದು, ಹಸ್ತಪ್ರತಿಗಳನ್ನು ತಲೆ ಎಣಿಸಿ ತೀರ್ಮಾನಿಸಬಾರದು, ಮನೆತನ ನೋಡಿ ತೀರ್ಮಾನಿಸಬೇಕು. ಒಂದೇ ತಾಯಿಪ್ರತಿಯಿಂದ ಇಳಿದ ನೂರು ಪ್ರತಿಗಳು ಒಂದೇ ಸಾಕ್ಷಿ. ಇನ್ನೊಂದು ಇವತ್ತಿಗೂ ಅವನ ಹೆಸರಿನ ಜೊತೆ ಬರುವ ಸೂತ್ರ: ಎರಡು ಪಾಠಗಳಿದ್ದಾಗ ಕ್ಲಿಷ್ಟವಾದದ್ದೇ ಮೂಲವಿರಬಹುದು. ಲಿಪಿಕಾರ ಕಷ್ಟದ್ದನ್ನು ಸುಲಭ ಮಾಡುತ್ತಾನೆಯೇ ಹೊರತು ಸುಲಭದ್ದನ್ನು ಕಷ್ಟ ಮಾಡುವುದಿಲ್ಲ. ತನಗೆ ತಿಳಿಯದ ಹಳೆಯ ಪದವನ್ನು ತಿಳಿದ ಪದಕ್ಕೆ ಬದಲಾಯಿಸುತ್ತಾನೆ, ಇರಿಸುಮುರಿಸಾಗುವ ಮಾತನ್ನು ಮೆತ್ತಗೆ ಮಾಡುತ್ತಾನೆ. ಅನುವಾದದ ಕೆಲಸ ಮಾಡಿದವರಿಗೆಲ್ಲ ಈ ಚಾಳಿ ಗೊತ್ತು. ಮೂಲದ ವಾಕ್ಯ ಒರಟಾಗಿದ್ದರೆ ಕೈ ತಾನಾಗಿ ನಯ ಮಾಡಲು ಹೋಗುತ್ತದೆ.

ಬೆಂಗೆಲ್ ಶಿಷ್ಯನೊಬ್ಬನಿಗೆ ಬರೆದ ಕಾಗದದಲ್ಲಿ ಒಂದು ಹೋಲಿಕೆ ಇದೆ. ಧರ್ಮಗ್ರಂಥವೆಂಬ ರೊಟ್ಟಿಯನ್ನು ಇದ್ದ ಹಾಗೆ ತಿನ್ನು, ಬೀಸುವ ಕಲ್ಲಿನಿಂದ ಉದುರಿದ ಮರಳಿನ ಕಣವೊಂದು ಅಲ್ಲಲ್ಲಿ ಹಲ್ಲಿಗೆ ಸಿಕ್ಕಿತೆಂದು ಕಂಗೆಡಬೇಡ ಎಂಬುದು ಅದರ ಸಾರ. ರೊಟ್ಟಿಯಲ್ಲಿ ಮರಳಿಲ್ಲ ಎಂದು ಅವನು ಹೇಳಲಿಲ್ಲ. ಮರಳು ಎಷ್ಟಿದೆ, ಎಲ್ಲೆಲ್ಲಿದೆ ಎಂದು ಆರಿಸಿ ತೋರಿಸಿದವನೇ ಅವನು.

ಮರಳಿನ ಕಣಗಳು ಎಂಥವು? ಬಹುಪಾಲು ಕಾಗುಣಿತದವು. ಯೋಹಾನನ ಹೆಸರನ್ನು ಗ್ರೀಕಿನಲ್ಲಿ ಒಂದು ‘ನ’ಕಾರ ಹಾಕಿ ಬರೆಯಬೇಕೋ ಎರಡು ಹಾಕಬೇಕೋ ಎಂಬಂಥವು. ‘ಯೇಸು ಕ್ರಿಸ್ತ’ ಎಂದಿರುವ ಕಡೆ ‘ಕ್ರಿಸ್ತ ಯೇಸು’ ಎಂದಿರುವುದು. ಕೆಲವು ಕಡೆ ಒಂದು ಅಕ್ಷರಕ್ಕೆ ಅರ್ಥ ಹೊರಳುತ್ತದೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ತಾವು ಅವರ ನಡುವೆ ಮೃದುವಾಗಿದ್ದೆವು ಎಂದನೋ, ಎಳೆಮಕ್ಕಳ ಹಾಗಿದ್ದೆವು ಎಂದನೋ ಎನ್ನುವುದು ಒಂದು ‘ನ’ಕಾರ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದ ಮೊದಲಲ್ಲಿ ದೇವರೊಂದಿಗೆ ಸಮಾಧಾನ ‘ಇದೆ’ ಎಂದು ಓದಬೇಕೋ, ‘ಇರಲಿ’ ಎಂದು ಓದಬೇಕೋ? ಅದು ‘ಒ’ಕಾರ ಹ್ರಸ್ವವೋ ದೀರ್ಘವೋ ಎಂಬ ಪ್ರಶ್ನೆ. ಎ–ಏ, ಒ–ಓ ಭೇದವನ್ನು ಸಾಮಾನ್ಯವಾಗಿ ತೋರಿಸದ ಹಳೆಯ ಓಲೆಗಳನ್ನು ಓದಿದ ಕನ್ನಡದವರಿಗೆ ಈ ತಲೆನೋವು ಹೊಸದಲ್ಲ.

ಹೀಗಿರುವ ಸಾವಿರಾರನ್ನು ಬದಿಗಿಟ್ಟರೆ ಕೈಬೆರಳೆಣಿಕೆಯ ಕೆಲವು ಉಳಿಯುತ್ತವೆ. ಅವು ನಿಜಕ್ಕೂ ದೊಡ್ಡವು, ಅವುಗಳ ಬಗ್ಗೆ ಸಭೆಗಳಲ್ಲಿ ಮಾತೇ ಆಗುವುದಿಲ್ಲ.

ಮಾರ್ಕನ ಸುವಾರ್ತೆಯ ಕೊನೆಯನ್ನೇ ನೋಡಿ. ಹದಿನಾರನೆಯ ಅಧ್ಯಾಯದ ಎಂಟನೆಯ ವಚನದಲ್ಲಿ ಹೆಂಗಸರು ಬರಿದಾದ ಸಮಾಧಿಯಿಂದ ಓಡಿಹೋಗುತ್ತಾರೆ, ಹೆದರಿಕೆಗೆ ಯಾರಿಗೂ ಏನೂ ಹೇಳುವುದಿಲ್ಲ. ಅದರ ಮುಂದಿನ ಹನ್ನೆರಡು ವಚನಗಳು ನಾಲ್ಕನೆಯ ಶತಮಾನದ ಎರಡು ಮಹಾಪ್ರತಿಗಳಲ್ಲಿ, ಅಂದರೆ ವ್ಯಾಟಿಕನ್ ಪ್ರತಿಯಲ್ಲೂ ಸಿನಾಯ್ ಪ್ರತಿಯಲ್ಲೂ ಇಲ್ಲ. ಆ ಹನ್ನೆರಡರಲ್ಲಿ ಒಂದು, ನಂಬಿದವರು ಹಾವುಗಳನ್ನು ಹಿಡಿದೆತ್ತುವರು, ವಿಷ ಕುಡಿದರೂ ಏನೂ ಆಗದು ಎನ್ನುತ್ತದೆ. ಅಮೆರಿಕದ ಅಪಲೇಷಿಯನ್ ಗುಡ್ಡಗಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ಕೆಲವು ಸಣ್ಣ ಸಭೆಗಳು ಆರಾಧನೆಯ ನಡುವೆ ವಿಷದ ಹಾವು ಹಿಡಿಯುತ್ತ ಬಂದಿವೆ. ಆ ಪದ್ಧತಿಯನ್ನು ಹಬ್ಬಿಸಿದವರಲ್ಲಿ ಮುಖ್ಯನಾದ ಜಾರ್ಜ್ ಹೆನ್ಸ್‌ಲಿ 1955ರಲ್ಲಿ ಹಾವು ಕಚ್ಚಿಯೇ ಸತ್ತ. ಪಾಠಾಂತರದ ಚರ್ಚೆ ಪಂಡಿತರ ಪುರಸೊತ್ತಿನ ಕೆಲಸ ಎನ್ನುವವರು ಈ ಸಾವನ್ನು ನೆನೆಯಬೇಕು. ಪುಟದ ಕೆಳಗೆ ಒಂದು ಅಡಿಟಿಪ್ಪಣಿ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರ ಎಂದು ಆಗ ತಿಳಿಯುತ್ತದೆ.

ಇನ್ನೊಂದು, ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ. ಪಾಪವಿಲ್ಲದವನು ಮೊದಲ ಕಲ್ಲು ಹಾಕಲಿ ಎಂಬ ಮಾತು ಬೈಬಲ್ ಮುಟ್ಟದವರಿಗೂ ಗೊತ್ತು. ಯೋಹಾನನ ಸುವಾರ್ತೆಯ ಅತಿ ಹಳೆಯ ಪ್ರತಿಗಳಲ್ಲಿ ಈ ಕಥೆ ಇಲ್ಲ. ಕೆಲವು ಪ್ರತಿಗಳಲ್ಲಿ ಇದು ಲೂಕನ ಸುವಾರ್ತೆಗೆ ಹೋಗಿ ಕೂತಿದೆ. ಮನೆ ಸಿಗದೆ ಅಲೆಯುತ್ತಿದ್ದ ಕಥೆ. ಹಾಗೆಂದು ಅದು ಕಟ್ಟುಕಥೆ ಎಂದಾಗುವುದಿಲ್ಲ, ಬಾಯಿಂದ ಬಾಯಿಗೆ ಬಂದ ಹಳೆಯ ನೆನಪೇ ಇರಬಹುದು ಎನ್ನುವ ವಿದ್ವಾಂಸರು ಬಹಳ. ಆದರೆ ಯೋಹಾನ ಬರೆದ ಪುಸ್ತಕದ ಭಾಗವಲ್ಲ. ಈ ಸಂಕಟ ಕ್ರೈಸ್ತರದು ಮಾತ್ರ ಎಂದುಕೊಳ್ಳಬೇಕಿಲ್ಲ. ಪುಣೆಯ ಲಾ ಕಾಲೇಜ್ ರಸ್ತೆಯ ಭಂಡಾರ್ಕರ್ ಸಂಸ್ಥೆಯಲ್ಲಿ ಸುಕ್ತಂಕರರ ಮುಂದಾಳ್ತನದಲ್ಲಿ ಮಹಾಭಾರತದ ಪರಿಷ್ಕೃತ ಆವೃತ್ತಿ ರೂಪುಗೊಳ್ಳುವಾಗ, ಸಭಾಪರ್ವದ ಸಂಪುಟದಲ್ಲಿ ದ್ರೌಪದಿ ಕೃಷ್ಣನನ್ನು ಕರೆದು ಮೊರೆಯಿಡುವ ಭಾಗ ಮುಖ್ಯ ಪಠ್ಯದಿಂದ ಇಳಿದು ಕೆಳಗಿನ ಟಿಪ್ಪಣಿಗೆ ಹೋಯಿತು. ಕುಮಾರವ್ಯಾಸನನ್ನು ಕೇಳುತ್ತ ಬೆಳೆದವರಿಗೆ ಆ ಪುಟ ತೆರೆದಾಗ ಏನನ್ನಿಸುತ್ತದೋ, ಹೊಸ ಬೈಬಲಿನಲ್ಲಿ ಆ ಹೆಂಗಸಿನ ಕಥೆಯ ಸುತ್ತ ಚೌಕ ಕಂಸ ಕಂಡ ಭಕ್ತನಿಗೂ ಅದೇ ಅನ್ನಿಸುತ್ತದೆ. ಜನಕ್ಕೆ ಪ್ರಿಯವಾದದ್ದೆಲ್ಲ ಹಳೆಯದಲ್ಲ.

ಮೂರನೆಯದು ಯೋಹಾನನ ಮೊದಲ ಪತ್ರದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಈ ಮೂವರೂ ಒಂದೇ ಎಂದು ನೇರವಾಗಿ ಹೇಳುವ ವಾಕ್ಯ. ಎರಾಸ್ಮಸ್ 1516ರಲ್ಲಿ ಗ್ರೀಕ್ ಪಠ್ಯವನ್ನು ಪ್ರಕಟಿಸಿದಾಗ ಅದನ್ನು ಹಾಕಲಿಲ್ಲ, ಅವನಿಗೆ ಸಿಕ್ಕ ಗ್ರೀಕ್ ಪ್ರತಿಗಳಲ್ಲಿ ಅದಿರಲಿಲ್ಲ. ಗದ್ದಲವೆದ್ದಿತು, 1522ರ ಮುದ್ರಣದಲ್ಲಿ ಸೇರಿಸಿದ. ಇದೇ ಎರಾಸ್ಮಸ್‌ಗೆ ಪ್ರಕಟನೆಯ ಪುಸ್ತಕಕ್ಕೆ ಸಿಕ್ಕ ಗ್ರೀಕ್ ಪ್ರತಿಯಲ್ಲಿ ಕೊನೆಯ ಹಾಳೆ ಇರಲಿಲ್ಲ. ಮುದ್ರಕನ ಅವಸರ. ಕೊನೆಯ ಆರು ವಚನಗಳನ್ನು ಅವನು ಲ್ಯಾಟಿನ್ನಿನಿಂದ ಗ್ರೀಕಿಗೆ ತಾನೇ ಅನುವಾದಿಸಿ ಹಾಕಿಬಿಟ್ಟ. ಡೆಡ್‌ಲೈನ್ ತಲೆಯ ಮೇಲೆ ಕೂತಿರುವ ಯಾವ ಅನುವಾದಕನೂ ಇದನ್ನು ಓದಿ ನಗದೇ ಇರಲಾರ. ಆ ಪುಸ್ತಕದ ಕೊನೆಯಲ್ಲಿರುವುದಾದರೂ ಏನು? ಈ ಗ್ರಂಥಕ್ಕೆ ಏನನ್ನೂ ಕೂಡಿಸಬೇಡಿ, ಕಳೆಯಬೇಡಿ ಎಂಬ ಎಚ್ಚರಿಕೆ.

ಇವು ಮೂರನ್ನೂ ತೆಗೆದರೂ ಕ್ರೈಸ್ತ ನಂಬಿಕೆಯ ಯಾವ ಮುಖ್ಯ ಅಂಶವೂ ಬೀಳುವುದಿಲ್ಲ, ಯಾಕೆಂದರೆ ಅವು ಬೇರೆ ಕಡೆ ಇದ್ದೇ ಇವೆ ಎಂಬುದು ಬೆಂಗೆಲ್ ತಲುಪಿದ ತೀರ್ಮಾನ. ಮುನ್ನೂರು ವರ್ಷಗಳಲ್ಲಿ ಗ್ರೀಕ್ ಹಸ್ತಪ್ರತಿಗಳು ನೂರರಿಂದ ಐದು ಸಾವಿರ ದಾಟಿವೆ, ಪಾಠಾಂತರಗಳು ಲಕ್ಷಗಳಿಗೆ ಏರಿವೆ. ಬೆಂಗೆಲ್‌ನ ತೀರ್ಮಾನ ಮಾತ್ರ ಹೆಚ್ಚು ಕದಲಿಲ್ಲ. ಅವನ ಎಲ್ಲ ಲೆಕ್ಕವೂ ಹೀಗೆ ಸರಿಬಂದಿತೆಂದಲ್ಲ. ಪ್ರಕಟನೆಯ ಪುಸ್ತಕದ ಸಂಖ್ಯೆಗಳನ್ನು ಕೂಡಿ ಕಳೆದು, ಸಾವಿರ ವರ್ಷದ ಆಳ್ವಿಕೆ 1836ರಲ್ಲಿ ಶುರುವಾಗುತ್ತದೆ ಎಂದು ಅವನು ಗುಣಿಸಿಟ್ಟಿದ್ದ. ಹಸ್ತಪ್ರತಿಯಲ್ಲಿ ಅಷ್ಟು ಎಚ್ಚರದವನು ಭವಿಷ್ಯದಲ್ಲಿ ಹೀಗೆ ಜಾರಿದ.

1836ರಲ್ಲಿ ಅದೇನೂ ಆಗಲಿಲ್ಲ. ಆದದ್ದು ಬೇರೆ. ಬೆಂಗೆಲ್‌ನ ಅದೇ ವ್ಯುರ್ಟೆಂಬೆರ್ಗಿನಿಂದ, ಅದೇ ಟ್ಯೂಬಿಂಗೆನ್‌ನಲ್ಲಿ ಓದಿದ ಇಬ್ಬರು ಆ ವರ್ಷ ಹಿಂದೂಸ್ತಾನಕ್ಕೆ ಬಂದಿಳಿದರು. ಒಬ್ಬರು ಹರ್ಮನ್ ಮೊಗ್ಲಿಂಗ್. ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರು. ಇನ್ನೊಬ್ಬರು ಹರ್ಮನ್ ಗುಂಡರ್ಟ್. ತಲಶ್ಶೇರಿಯಲ್ಲಿ ನೆಲೆನಿಂತು ಮಲಯಾಳದ ನಿಘಂಟು ಮಾಡಿದವರು. ಕಾದಂಬರಿಕಾರ ಹರ್ಮನ್ ಹೆಸ್ಸೆ ಅವರ ಮೊಮ್ಮಗ.

ಗುಂಡರ್ಟರ ಎಳೆ ಇಲ್ಲಿ ಮುಖ್ಯ. ಮೌಲ್‌ಬ್ರಾನ್ ಶಾಲೆಯಲ್ಲಿ ಅವರಿಗೆ ಮೇಷ್ಟ್ರಾಗಿ ಬಂದವನು ಡೇವಿಡ್ ಫ್ರೀಡ್ರಿಚ್ ಸ್ಟ್ರೌಸ್. ಆಮೇಲೆ 1835ರಲ್ಲಿ ‘ಯೇಸುವಿನ ಜೀವನ’ ಬರೆದು ಇಡೀ ಯುರೋಪನ್ನು ಅಲುಗಾಡಿಸಿದವನು ಇವನೇ. ಸುವಾರ್ತೆಗಳ ಪವಾಡಗಳು ನಡೆದದ್ದೂ ಅಲ್ಲ, ಮೋಸವೂ ಅಲ್ಲ, ಒಂದು ಸಮುದಾಯ ತನ್ನ ನಿರೀಕ್ಷೆಗಳಿಂದ ಹೆಣೆದ ಪುರಾಣ ಎಂದು ಅವನ ವಾದ. ಟ್ಯೂಬಿಂಗೆನ್‌ನಲ್ಲಿ ಅವನ ಕೆಲಸ ಹೋಯಿತು. 1839ರಲ್ಲಿ ಜ್ಯೂರಿಕ್ ಕೊಟ್ಟ ಪ್ರಾಧ್ಯಾಪಕ ಹುದ್ದೆಯನ್ನು ಜನ ದಂಗೆಯೆದ್ದು, ಅವನು ಬಂದು ಕೂರುವ ಮೊದಲೇ ರದ್ದುಮಾಡಿಸಿದರು. ಈ ಪುಸ್ತಕವನ್ನು 1846ರಲ್ಲಿ ಇಂಗ್ಲಿಷಿಗೆ ತಂದವಳು ಮುಂದೆ ಜಾರ್ಜ್ ಎಲಿಯಟ್ ಎಂಬ ಹೆಸರಲ್ಲಿ ಕಾದಂಬರಿ ಬರೆದ ಮೇರಿ ಆನ್ ಇವಾನ್ಸ್. ಗುಂಡರ್ಟರೂ ಹುಡುಗುವಯಸ್ಸಿನಲ್ಲಿ ಸ್ಟ್ರೌಸ್‌ನ ವಿಚಾರಗಳ ಸೆಳೆತಕ್ಕೆ ಸಿಕ್ಕಿದ್ದರು, ಆಮೇಲೆ ನಂಬಿಕೆಗೆ ಮರಳಿದರು. ಕರಾವಳಿಗೆ ಬೈಬಲ್ ತಂದವರೆಂದರೆ ಯುರೋಪಿನ ಸಂಶಯ ಮುಟ್ಟದ ಮುಗ್ಧರು ಎಂಬ ಒಂದು ಚಿತ್ರ ಚಾಲ್ತಿಯಲ್ಲಿದೆ. ಸಂಶಯವಾದಿಗಳಿಗೂ ಅದು ಅನುಕೂಲ, ಭಕ್ತರಿಗೂ ಅನುಕೂಲ. ಅದು ನಿಜವಲ್ಲ. ಆ ಕಾಲದ ಅತಿ ಹರಿತವಾದ ಸಂಶಯವನ್ನು ಅದರ ಕರ್ತೃವಿನ ಬಾಯಿಂದಲೇ ಕೇಳಿ, ಅದರೊಳಗಿಂದ ಹಾದು ಬಂದವರೂ ಅವರಲ್ಲಿದ್ದರು. ಹಸ್ತಪ್ರತಿಗಳನ್ನು ಹೋಲಿಸುವ ಆ ಅಭ್ಯಾಸವೂ ಜೊತೆಗೆ ಬಂತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಪ್ರಕಟಿಸಿದ ಕಿಟೆಲ್ ಕೂಡ ಬಾಸೆಲ್ ಮಿಷನ್ನಿನವರೇ.

ಸ್ಟ್ರೌಸ್‌ನ ಗುರು, ಟ್ಯೂಬಿಂಗೆನ್‌ನ ಎಫ್.ಸಿ. ಬೌರ್, ಯೋಹಾನನ ಸುವಾರ್ತೆಯನ್ನು ಎರಡನೆಯ ಶತಮಾನದ ಉತ್ತರಾರ್ಧಕ್ಕೆ ಎಳೆದಿದ್ದ. ಪ್ರತ್ಯಕ್ಷ ಕಂಡವರೆಲ್ಲ ಸತ್ತು ಬಹುಕಾಲವಾದ ಮೇಲೆ ಯಾರೋ ಬರೆದ ತತ್ವಶಾಸ್ತ್ರ ಅದು ಎಂದು. 1920ರಲ್ಲಿ ಈಜಿಪ್ಟಿನಲ್ಲಿ ಕೊಂಡ ಪಪೈರಸ್ ಚೂರುಗಳಲ್ಲಿ ಒಂದು, ಅಂಗೈಯಲ್ಲಿ ಹಿಡಿಸುವಷ್ಟು, ಮ್ಯಾಂಚೆಸ್ಟರಿನ ಗ್ರಂಥಾಲಯ ಸೇರಿತ್ತು. 1935ರಲ್ಲಿ ಅದು ಪ್ರಕಟವಾಯಿತು. ಎರಡು ಮಗ್ಗುಲಿಗೂ ಬರೆದ ಚೂರು, ಪಿಲಾತನ ಮುಂದೆ ಯೇಸು ನಿಂತ ಪ್ರಸಂಗ, ಯೋಹಾನ 18ನೆಯ ಅಧ್ಯಾಯ. ಬರಹದ ಶೈಲಿ ನೋಡಿ ಎರಡನೆಯ ಶತಮಾನದ ಮೊದಲ ಅರ್ಧ ಎಂದರು. ಬೌರ್‌ನ ಕಾಲನಿರ್ಣಯ ಇದರ ಮುಂದೆ ನಿಲ್ಲುವುದು ಕಷ್ಟವಾಯಿತು. ಭಕ್ತರು ಇದನ್ನು ಎತ್ತಿ ತೋರಿಸುವುದು ನ್ಯಾಯವೇ. ಆದರೆ ಕೈಬರಹದ ಶೈಲಿಯಿಂದ ಕಾಲ ಹೇಳುವಾಗ ಐವತ್ತು ವರ್ಷ ಆಚೀಚೆ ಆಗುತ್ತದೆ, ಎರಡನೆಯ ಶತಮಾನದ ಕೊನೆಗೂ ಹೋಗಬಹುದು ಎಂದು ಈಚಿನವರು ಎಚ್ಚರಿಸಿದ್ದಾರೆ. ಇದನ್ನು ಮರೆತು ಕ್ರಿ.ಶ. 125 ಎಂದು ಗಡಿಯಾರ ನೋಡಿ ಹೇಳಿದ ಹಾಗೆ ಹೇಳುವುದು ನ್ಯಾಯವಲ್ಲ.

ಈ ಅವಸರ ದುಬಾರಿಯಾದ ಉದಾಹರಣೆಯೂ ಇದೆ. 2012ರಲ್ಲಿ ಅಮೆರಿಕದ ಒಂದು ಬಹಿರಂಗ ಚರ್ಚೆಯಲ್ಲಿ, ಮಾರ್ಕನ ಸುವಾರ್ತೆಯ ಮೊದಲ ಶತಮಾನದ ಚೂರು ಸಿಕ್ಕಿದೆ ಎಂದು ಭಕ್ತ ವಿದ್ವಾಂಸರೊಬ್ಬರು ಘೋಷಿಸಿದರು. ಸುದ್ದಿ ಪ್ರವಚನಗಳಲ್ಲೆಲ್ಲ ಓಡಾಡಿತು. 2018ರಲ್ಲಿ ಚೂರು ಪ್ರಕಟವಾದಾಗ ಅದು ಎರಡನೆಯ ಶತಮಾನದ ಕೊನೆ ಅಥವಾ ಮೂರನೆಯದರ ಆರಂಭದ್ದು. ಘೋಷಿಸಿದವರು ಬಹಿರಂಗವಾಗಿ ಕ್ಷಮೆ ಕೇಳಿದರು, ಅದು ಅವರ ದೊಡ್ಡತನ. ಪ್ರವಚನ ಮಾಡಿದವರಲ್ಲಿ ಎಷ್ಟು ಜನ ಮುಂದಿನ ಭಾನುವಾರ ತಿದ್ದಿಕೊಂಡರು?

ಮೃತ ಸಮುದ್ರದ ಸುರುಳಿಗಳ ವಿಷಯದಲ್ಲೂ ಇದೇ ಅರ್ಧ ಸತ್ಯ. 1947ರಿಂದ ಗುಹೆಗಳಲ್ಲಿ ಸಿಕ್ಕಿದ ಸುರುಳಿಗಳ ಪೈಕಿ ಯೆಶಾಯನ ಪುಸ್ತಕ ಪೂರ್ತಿಯಾಗಿ ಇತ್ತು. ಅಲ್ಲಿಯವರೆಗೆ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಕಾಗುಣಿತದ ವ್ಯತ್ಯಾಸಗಳು ಹೇರಳ, ಆದರೂ ಪುಸ್ತಕ ಅದೇ ಪುಸ್ತಕ. ಸಾವಿರ ವರ್ಷ ನಕಲು ಮಾಡಿದವರ ಶ್ರದ್ಧೆಗೆ ತಲೆಬಾಗಬೇಕು. ಆದರೆ ಅದೇ ಗುಹೆಗಳಲ್ಲಿ ಯೆರೆಮೀಯನ ಪುಸ್ತಕದ ಚೂರುಗಳೂ ಸಿಕ್ಕಿದವು. ಅವುಗಳಲ್ಲಿ ಒಂದು ಈಗಿನ ಹೀಬ್ರೂ ಪಠ್ಯಕ್ಕಿಂತ ಗಿಡ್ಡವಾದ, ಹಳೆಯ ಗ್ರೀಕ್ ಅನುವಾದಕ್ಕೆ ಹೊಂದುವ ಪಠ್ಯದ್ದು. ಆ ಗ್ರೀಕ್ ಯೆರೆಮೀಯ ಎಂಟರಲ್ಲಿ ಒಂದು ಪಾಲಿನಷ್ಟು ಚಿಕ್ಕದು, ಅಧ್ಯಾಯಗಳ ಜೋಡಣೆಯೂ ಬೇರೆ. ಅಂದರೆ ಒಂದೇ ಪುಸ್ತಕದ ಎರಡು ರೂಪಗಳು ಏಕಕಾಲಕ್ಕೆ ಓಡಾಡುತ್ತಿದ್ದವು. ಯೆಶಾಯನನ್ನು ತೋರಿಸಿ ಯೆರೆಮೀಯನನ್ನು ಬಚ್ಚಿಡುವ ಸಮರ್ಥನೆ, ಕಾಲೇಜಿಗೆ ಹೋದ ಮಗಳು ಯೆರೆಮೀಯನನ್ನು ತಾನೇ ಓದಿಕೊಂಡ ದಿನ ಮುರಿದುಬೀಳುತ್ತದೆ. ಮುರಿಯುವುದು ಆ ವಾದ ಮಾತ್ರವಲ್ಲ, ಹೇಳಿಕೊಟ್ಟವರ ಮೇಲಿನ ವಿಶ್ವಾಸವೂ.

ಇಷ್ಟೂ ಹೊತ್ತು ನಡೆದದ್ದು ಒಂದೇ ಪ್ರಶ್ನೆಯ ಸುತ್ತ: ಬರೆದದ್ದು ನಮಗೆ ಸರಿಯಾಗಿ ಬಂದು ಸೇರಿದೆಯೇ? ಬರೆದದ್ದು ನಿಜವೇ ಎಂಬುದು ಬೇರೆಯೇ ಪ್ರಶ್ನೆ. ಒಂದಕ್ಕೆ ಸಿಕ್ಕ ಹೌದು ಇನ್ನೊಂದಕ್ಕೆ ಹೌದಾಗುವುದಿಲ್ಲ. ಒಂದಕ್ಕೆ ಸಿಕ್ಕ ಅಲ್ಲ ಇನ್ನೊಂದಕ್ಕೆ ಅಲ್ಲವಾಗುವುದಿಲ್ಲ. ಹೋಮರನ ಪಠ್ಯ ಚೆನ್ನಾಗಿ ಉಳಿದು ಬಂದಿದೆಯೆಂದು ಯಾರೂ ಅಥೀನಾಳಿಗೆ ಹರಕೆ ಹೊರುವುದಿಲ್ಲ.

ಎರಡನೆಯ ಪ್ರಶ್ನೆಗೆ ಸಾಕ್ಷ್ಯ ಕಲಸುಮೇಲೋಗರ. ಅಪೊಸ್ತಲರ ಕೃತ್ಯಗಳಲ್ಲಿ ಲೂಕ ಥೆಸಲೋನಿಕದ ಅಧಿಕಾರಿಗಳನ್ನು ‘ಪೊಲಿತಾರ್ಕ್’ ಎಂದು ಕರೆಯುತ್ತಾನೆ. ಗ್ರೀಕ್ ಸಾಹಿತ್ಯದಲ್ಲಿ ಆ ಪದವೇ ಸಿಗದ ಕಾರಣ ಇವನು ತಪ್ಪಿದ್ದಾನೆ ಎಂಬ ಮಾತಿತ್ತು. ಆಮೇಲೆ ಆ ಊರಿನ ಕಮಾನಿನ ಮೇಲಿನ ಶಾಸನದಲ್ಲಿ ಅದೇ ಪದ ಕಂಡಿತು, ಆ ಕಲ್ಲು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಮಕೆದೋನ್ಯದ ಸುತ್ತಮುತ್ತ ಅಂಥವು ಹತ್ತಾರು ಸಿಕ್ಕಿವೆ. ಶಾನುಭೋಗ, ಪಟೇಲ, ದೇಸಾಯಿ ಎಂಬ ಹೆಸರುಗಳು ಯಾವ ಸೀಮೆಯಲ್ಲಿ ಯಾವುದು ಎಂದು ಸರಿಯಾಗಿ ಬಳಸುವವನು ಆ ಸೀಮೆಯನ್ನು ಬಲ್ಲವನೇ. ಪಿಲಾತನ ಹೆಸರಿರುವ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು. ಆದರೆ ಇದೇ ಲೂಕ ಯೇಸುವಿನ ಜನನವನ್ನು ಕುರೇನ್ಯನು ಸಿರಿಯಾದ ಅಧಿಪತಿಯಾಗಿದ್ದಾಗಿನ ಜನಗಣತಿಗೆ ಜೋಡಿಸುತ್ತಾನೆ. ಯೆಹೂದ್ಯ ಇತಿಹಾಸಕಾರ ಜೋಸೆಫಸ್‌ನ ಪ್ರಕಾರ ಆ ಗಣತಿ ಕ್ರಿ.ಶ. 6ರದು, ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಹೆರೋದ ಬದುಕಿದ್ದಾಗ, ಹೆರೋದ ಸತ್ತದ್ದು ಸಾಮಾನ್ಯವಾಗಿ ಒಪ್ಪಿದ ಲೆಕ್ಕದಲ್ಲಿ ಕ್ರಿ.ಪೂ. 4. ಹತ್ತು ವರ್ಷದ ಈ ಸಂದನ್ನು ಮುಚ್ಚಲು ಸಮರ್ಥಕರು ಕೊಟ್ಟ ಪರಿಹಾರಗಳು ಹಲವು, ಎಲ್ಲರೂ ಒಪ್ಪಿದ್ದು ಒಂದೂ ಇಲ್ಲ. ಪೊಲಿತಾರ್ಕ್ ಸರಿಯಾದ್ದರಿಂದ ಪವಾಡಗಳು ಸರಿ ಎನ್ನುವುದೂ, ಕುರೇನ್ಯ ತಪ್ಪಾದ್ದರಿಂದ ಎಲ್ಲ ತಪ್ಪು ಎನ್ನುವುದೂ ಒಂದೇ ಅಳತೆಯ ಅವಸರ.

ಸಮರ್ಥಕರ ಕೈಯಲ್ಲಿರುವ ಬಲವಾದ ವಾದ ಬೇರೆ, ಅದು ಬೆಂಗೆಲ್‌ನ ಸೂತ್ರದ್ದೇ ಇನ್ನೊಂದು ರೂಪ. ನಾಲ್ಕೂ ಸುವಾರ್ತೆಗಳಲ್ಲಿ ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು. ಹೆಂಗಸರ ಸಾಕ್ಷ್ಯಕ್ಕೆ ಬೆಲೆ ಕಡಿಮೆ ಇದ್ದ ಕಾಲ. ಕಥೆ ಕಟ್ಟುವವನು ಪೇತ್ರನನ್ನೋ ಯೋಹಾನನನ್ನೋ ಮುಂದೆ ನಿಲ್ಲಿಸುತ್ತಿದ್ದ. ಇಲ್ಲಿ ಪೇತ್ರ, ಸಭೆಯ ಹಿರಿಯ, ಕೋಳಿ ಕೂಗುವ ಮೊದಲು ಮೂರು ಸಲ ಗುರುವನ್ನೇ ಅರಿಯೆ ಎನ್ನುತ್ತಾನೆ. ಕಷ್ಟದ ಪಾಠ. ಇದರ ಜೊತೆಗೆ ಪೌಲ ಸುಮಾರು ಕ್ರಿ.ಶ. 55ರಲ್ಲಿ ಕೊರಿಂಥದವರಿಗೆ ಬರೆದ ಪತ್ರ. ಎದ್ದುಬಂದ ಯೇಸುವನ್ನು ಯಾರು ಯಾರು ಕಂಡರು ಎಂಬ ಒಂದು ಪಟ್ಟಿ ಅದರಲ್ಲಿದೆ, ತಾನು ಕೇಳಿ ಪಡೆದದ್ದನ್ನೇ ಒಪ್ಪಿಸುತ್ತಿದ್ದೇನೆ ಎಂಬ ಮಾತಿನೊಂದಿಗೆ. ಆ ಪಟ್ಟಿ ಯೇಸುವಿನ ಮರಣದ ಕೆಲವೇ ವರ್ಷಗಳೊಳಗೆ ರೂಪುಗೊಂಡದ್ದು ಎಂದು ಒಪ್ಪುವವರಲ್ಲಿ, ಪುನರುತ್ಥಾನವನ್ನು ನಂಬದ, ಕ್ರೈಸ್ತ ನಂಬಿಕೆಯನ್ನೇ ತೊರೆದ ಜರ್ಮನ್ ವಿದ್ವಾಂಸ ಗೆರ್ಡ್ ಲ್ಯೂಡೆಮನ್ ಕೂಡ ಇದ್ದಾರೆ. ಸ್ಟ್ರೌಸ್ ಹೇಳಿದ ಹಾಗೆ ಪುರಾಣ ಬೆಳೆಯಲು ಬೇಕಾದಷ್ಟು ಕಾಲ ಇಲ್ಲಿ ಸಿಗುವುದಿಲ್ಲ. ಆ ಜನ ಏನನ್ನೋ ಕಂಡೆವೆಂದು ಮನಸಾರೆ ನಂಬಿದ್ದರು ಎನ್ನುವಲ್ಲಿಗೆ ಇತಿಹಾಸ ಕರೆದುಕೊಂಡು ಹೋಗಿ ಬಿಡುತ್ತದೆ. ಲ್ಯೂಡೆಮನ್ ಅಲ್ಲಿ ನಿಂತು ಅದು ದುಃಖದಲ್ಲಿ ಹುಟ್ಟಿದ ದರ್ಶನ ಎಂದರು. ಅಲ್ಲೇ ನಿಂತ ಭಕ್ತ ದೇವರು ಅವನನ್ನು ಎಬ್ಬಿಸಿದ ಎನ್ನುತ್ತಾನೆ. ಅದರಾಚೆಯ ಹೆಜ್ಜೆಗೆ ಹಸ್ತಪ್ರತಿ ನೆರವಾಗುವುದಿಲ್ಲ. ನೆರವಾಗುತ್ತದೆಂದು ಹೇಳುವವರು ಇಲ್ಲದ ಸರಕನ್ನು ಮಾರುತ್ತಿದ್ದಾರೆ.

ಇದಕ್ಕೆ ಸಾಕ್ಷಿಯಾಗಿ ಒಂದು ಪುಸ್ತಕವೇ ಇದೆ. ಬ್ರೂಸ್ ಮೆಟ್ಸ್‌ಗರ್ ಪ್ರಿನ್ಸ್‌ಟನ್ನಿನಲ್ಲಿ ಪಾಠ ಹೇಳುತ್ತಿದ್ದ ಪ್ರೆಸ್ಬಿಟೇರಿಯನ್ ಪಾದ್ರಿ. ಹೊಸ ಒಡಂಬಡಿಕೆಯ ಪಠ್ಯದ ಮೇಲೆ 1964ರಲ್ಲಿ ಅವರು ಬರೆದದ್ದನ್ನು ಈ ವಿದ್ಯೆ ಕಲಿಯುವವರೆಲ್ಲ ಓದುತ್ತಾರೆ. ಅವರ ಶಿಷ್ಯ ಬಾರ್ಟ್ ಎರ್ಮನ್. ಬೈಬಲಿನಲ್ಲಿ ಒಂದು ತಪ್ಪೂ ಇಲ್ಲ ಎಂದು ಕಲಿಸುವ ಶಾಲೆಯಿಂದ ಬಂದ ಹುಡುಗ. ಮಾರ್ಕನ ಎರಡನೆಯ ಅಧ್ಯಾಯದಲ್ಲಿ ಒಬ್ಬ ಮಹಾಯಾಜಕನ ಹೆಸರು ಹಳೆ ಒಡಂಬಡಿಕೆಗೆ ಹೊಂದುವುದಿಲ್ಲ. ಅದನ್ನು ಸರಿದೂಗಿಸಲು ಉದ್ದದ ಪ್ರಬಂಧ ಬರೆದುಕೊಟ್ಟಾಗ, ಇಲ್ಲಿ ಮಾರ್ಕ ತಪ್ಪಿರಲೂಬಹುದಲ್ಲ ಎಂಬರ್ಥದ ಒಂದು ಸಾಲನ್ನು ಅಧ್ಯಾಪಕರೊಬ್ಬರು ಬರೆದು ವಾಪಸು ಕೊಟ್ಟರಂತೆ. ಅಲ್ಲಿಂದ ಅವರ ಗೋಡೆ ಬಿರುಕುಬಿಟ್ಟಿತು. 2005ರಲ್ಲಿ ಸಾಮಾನ್ಯ ಓದುಗರಿಗೆಂದು ಅವರು ಬರೆದ ಪುಸ್ತಕ, ಪಾಠಾಂತರಗಳು ಹೊಸ ಒಡಂಬಡಿಕೆಯ ಪದಗಳಿಗಿಂತ ಹೆಚ್ಚು ಎಂದು ಹೇಳಿ ಬಿಸಿ ದೋಸೆಯಂತೆ ಖರ್ಚಾಯಿತು. ಅದೇ 2005ರಲ್ಲಿ ಮೆಟ್ಸ್‌ಗರರ ಗ್ರಂಥದ ನಾಲ್ಕನೆಯ ಆವೃತ್ತಿ ಬಂತು. ಅದರ ಮೇಲೆ ಎರಡು ಹೆಸರುಗಳಿವೆ, ಮೆಟ್ಸ್‌ಗರ್ ಮತ್ತು ಎರ್ಮನ್. ಅಂಕಿ ಅಂಶಗಳು ಅವೇ, ಹಸ್ತಪ್ರತಿಗಳು ಅವೇ, ರಕ್ಷಾಪುಟ ಒಂದೇ. ಗುರು 2007ರಲ್ಲಿ ತೀರಿಕೊಳ್ಳುವವರೆಗೂ ನಂಬಿದವರಾಗಿಯೇ ಉಳಿದರು. ಶಿಷ್ಯ ನಂಬಿಕೆ ಬಿಟ್ಟರು. ಆದರೆ ಬಿಟ್ಟದ್ದು ಪಾಠಾಂತರಗಳಿಂದಲ್ಲ, ಲೋಕದಲ್ಲಿರುವ ಸಂಕಟವನ್ನು ಒಳ್ಳೆಯ ದೇವರೊಂದಿಗೆ ಹೊಂದಿಸಲಾಗದೆ ಎಂದು ಅವರೇ ಮುಂದೆ ಬರೆದರು. ಆ ಪ್ರಶ್ನೆ ಯೋಬನಷ್ಟು ಹಳೆಯದು. ಬೈಬಲಿನೊಳಗೇ ಇದೆ.

ಮತ್ತೆ ಮಾರ್ಕನ ಕೊನೆಗೆ ಬಂದರೆ, ಆ ಎಂಟನೆಯ ವಚನ ಮುಗಿಯುವುದು ‘ಗಾರ್’ ಎಂಬ ಪುಟ್ಟ ಪದದಲ್ಲಿ. ‘ಯಾಕೆಂದರೆ’ ಎಂದು ಅದರ ಅರ್ಥ. ಗ್ರೀಕಿನಲ್ಲಿ ಅದು ವಾಕ್ಯದಲ್ಲಿ ಎರಡನೆಯ ಪದವಾಗಿ ಬರುತ್ತದೆ. ಇಲ್ಲಿಯ ಕೊನೆಯ ವಾಕ್ಯಕ್ಕೆ ಎರಡೇ ಪದ, ಹಾಗಾಗಿ ಪುಸ್ತಕವೇ ‘ಯಾಕೆಂದರೆ’ಯಲ್ಲಿ ನಿಲ್ಲುತ್ತದೆ. ಇಂಥ ಕಡೆ ಪುಸ್ತಕ ಮುಗಿಯಲು ಸಾಧ್ಯವೇ, ಕೊನೆಯ ಹಾಳೆ ಹರಿದುಹೋಗಿರಬೇಕು ಎಂದು ಕೆಲವರು. ಮಾರ್ಕ ಬೇಕೆಂದೇ ಹೀಗೆ ನಿಲ್ಲಿಸಿದ ಎಂದು ಕೆಲವರು. ಯಾರೋ ಲಿಪಿಕಾರನಿಗೆ ಅದು ತಡೆಯದೆ ಹನ್ನೆರಡು ವಚನ ಸೇರಿಸಿದ, ಹಾವುಗಳೂ ಸೇರಿ. ಇಂಗ್ಲಿಷಿನಲ್ಲಿ ಆ ಪದವನ್ನು ಕೊನೆಗೆ ಇಡಲು ಬರುವುದಿಲ್ಲ, ಅನುವಾದಕರು ಅದನ್ನು ಮುಂದಕ್ಕೆ ತಂದು ಸರಿಮಾಡುತ್ತಾರೆ. ಕನ್ನಡಕ್ಕೆ ಆ ಕಷ್ಟವಿಲ್ಲ. ಯಾರಿಗೂ ಏನೂ ಹೇಳಲಿಲ್ಲ, ಹೆದರಿದ್ದರಲ್ಲ.